ಮೂವತ್ತು ಮೆಟ್ಟಿಲು

ರಾತ್ರಿ ಮೂರೂ ಹತ್ತಕ್ಕೆ ಬರುತ್ತಿತ್ತು ಅದು.
ಗಡಿಯಾರ ನೋಡಬೇಕಾಗಿರಲಿಲ್ಲ,
ಬಂದರಿನ ಕ್ರೇನು ಸದ್ದು ನಿಲ್ಲಿಸಿ
ನಾಯಿಗಳು ಇನ್ನೂ ಶುರು ಮಾಡದ ಹೊತ್ತು.
ಎಫ್ರಾಯಿನನ ಎಡ ಮೀನಖಂಡದೊಳಗಿನ ಮೀನು
ಗಾಳ ನುಂಗಿದಂತೆ ಒಮ್ಮೆಲೇ ಸೆಟೆದು ನಿಲ್ಲುತ್ತಿತ್ತು;
ಹಾಸಿಗೆಯೆಲ್ಲ ಒದ್ದಾಟ, ಒಂದು ಒದೆ ನನಗೆ,
ಆಮೇಲೆ ದೇವರಿಗೆ ಬೈಗುಳ, ಆಮೇಲೆ
ಅದೇ ದೇವರಲ್ಲಿ ಕ್ಷಮೆ.

ಮೂವತ್ತೊಂದು ವರ್ಷ ಗ್ಯಾಸ್ ಸಿಲಿಂಡರ್ ಹೊತ್ತವನು.
ವಾಲ್ಪರೈಸೊದ ನಮ್ಮ ಗುಡ್ಡದಲ್ಲಿ ಬೀದಿ ಎಂಬುದೇ ಇಲ್ಲ,
ಬರೀ ಮೆಟ್ಟಿಲು; ಲಾರಿ ಕೆಳಗೇ ನಿಂತು ಹಾರ್ನ್ ಹೊಡೆದರೆ
ಮೇಲಿನವರ ಚಹಾ ಕುದಿಯುತ್ತಿದ್ದದ್ದು ಇವನ ಹೆಗಲ ಮೇಲೆ.
ಆಗ ಒಂದು ದಿನವೂ ಕಾಲು ಚಕಾರ ಎತ್ತಲಿಲ್ಲ.
ನಿವೃತ್ತಿಯ ಕಾಗದ ಬಂದ ಮೇಲೆ ಅದಕ್ಕೆ ಬಾಯಿ ಬಂತು.

ಪಕ್ಕದ ಮನೆಯವಳು ಹಾಸಿಗೆಯಡಿ ಸೋಪು ಇಡು ಎಂದಳು. ಇಟ್ಟೆ.
ಹೊದಿಕೆಗೆ ಲ್ಯಾವೆಂಡರ್ ವಾಸನೆ ಬಂತು, ಅಷ್ಟೆ.
ನನ್ನ ತಮ್ಮ ಬಾಳೆಹಣ್ಣು ಎಂದ, ಉಪ್ಪು ಎಂದ,
ಕೊನೆಗೆ ಪಿಸ್ಕೋ ಎಂದ; ಅದನ್ನು ಮಾತ್ರ
ಎಫ್ರಾಯಿನ್ ವಾರಗಟ್ಟಲೆ ಶ್ರದ್ಧೆಯಿಂದ ಪಾಲಿಸಿದ.

ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ
ಮಿಲ್ಯರಾಯ್ ಎಂಬ ಹುಡುಗಿ, ನನ್ನ ಮೊಮ್ಮಗಳ ಪ್ರಾಯ,
ತೆಮುಕೊ ಕಡೆಯ ಮಾತು, ಕೈ ಮಾತ್ರ ಬಡಗಿಯದು.
ಇವನ ಹಿಮ್ಮಡಿಯನ್ನು ಅಂಗೈಯಲ್ಲಿ ತೂಗಿ,
ಮೊಣಕಾಲವರೆಗೂ ಒತ್ತಿ ಒತ್ತಿ ಓದಿ,
“ತಾತಾ, ಇದು ಹತ್ತುವುದನ್ನು ಮಾತ್ರ ಕಲಿತಿದೆ,
ಚಾಚುವುದನ್ನು ಮರೆತಿದೆ” ಎಂದಳು.
“ಹೊದಿಕೆಯನ್ನು ಪಾದದ ಬಳಿ ಬಿಗಿಯಾಗಿ ಸಿಕ್ಕಿಸಬೇಡಿ”
ಎಂದಳು ನನಗೆ. ಇಷ್ಟು ವರ್ಷದ ನನ್ನ ಅಚ್ಚುಕಟ್ಟಿಗೆ
ಅಲ್ಲಿಗೆ ಮರ್ಯಾದೆ ಹೋಯಿತು.
ಔಷಧಿ ಬರೆಯಲಿಲ್ಲ. ಗೋಡೆ ತೋರಿಸಿದಳು.

ಅಂಗೈ ಎರಡೂ ಗೋಡೆಗೆ. ಒಂದು ಕಾಲು ಹಿಂದೆ,
ಹಿಮ್ಮಡಿ ನೆಲ ಬಿಡಕೂಡದು, ಮಂಡಿ ಮಡಚಕೂಡದು.
ಮುಂದಕ್ಕೆ ವಾಲಬೇಕು. ಎಳೆತ ಸಾಕು, ನೋವು ಬೇಡ.
ಮೂವತ್ತು ಎಣಿಸುವವರೆಗೆ ಉಸಿರು ಕಟ್ಟಬಾರದು.
ಪ್ರತಿ ಕಾಲಿಗೆ ಮೂರು ಸಲ, ಮಲಗುವ ಮುಂಚೆ.

“ಇಷ್ಟಕ್ಕೆ ಎರಡು ಬಸ್ಸು ಹತ್ತಿ ಬಂದೆವೇ?” ಎಂದು ಗೊಣಗಿದ.
ಗೊಣಗುತ್ತಲೇ ರಾತ್ರಿ ಗೋಡೆಗೆ ಕೈಯೂರಿದ,
ಭೂಕಂಪದ ದಿನ ಊರಿದ್ದನಲ್ಲ, ಅದೇ ಗೋಡೆಗೆ,
ಮನೆ ಜಾರಿ ಕಡಲಿಗೆ ಬೀಳದ ಹಾಗೆ.
ಎಣಿಕೆ ಮಾತ್ರ ಅವನಿಗೆ ಹಿಡಿಸಲಿಲ್ಲ;
ಹನ್ನೊಂದಕ್ಕೆ ಬೇಸರ, ಹದಿನೈದಕ್ಕೆ ಕಳ್ಳಾಟ.

ನಾಲ್ಕನೆಯ ರಾತ್ರಿ ಕೇಳಿಸಿತು ಅವನ ಪಿಸುಮಾತು:
“ಏಳು, ಮುರಿದ ಮೆಟ್ಟಿಲು. ಎಂಟು.
ಹನ್ನೆರಡು, ಕುಂಟು ನಾಯಿ. ಹದಿನೆಂಟು,
ಆ ಪಿಯಾನೋ ಮೇಷ್ಟ್ರ ಕಿಟಕಿ, ದುಡ್ಡು ಯಾವಾಗಲೂ ನಾಳೆ.
ಇಪ್ಪತ್ತಾರು, ಇಲ್ಲಿ ಹೆಗಲು ಬದಲಿಸಬೇಕು.”
ಖಾಲಿ ಹೆಗಲನ್ನು ನಿಜಕ್ಕೂ ಬದಲಿಸಿದ.
“ಮೂವತ್ತು. ದೋನ್ಯಾ ಎದುಲಿಯಾ, ಗ್ಯಾಸ್!”
ಎದುಲಿಯಾ ಸತ್ತು ಒಂಬತ್ತು ವರ್ಷ.
ನಾನು ದಿಂಬಿಗೆ ಮುಖ ಒತ್ತಿ ನಕ್ಕೆ,
ಆಮೇಲೆ ನಗಲಿಲ್ಲ.

ಐದು ವಾರ. ಮೀನು ಒಂದೆರಡು ಸಲ ಬಾಲ ಆಡಿಸಿತು,
ಗಾಳಕ್ಕೆ ಬೀಳಲಿಲ್ಲ. ಮಿಲ್ಯರಾಯ್ ಹೇಳಿದಳು,
“ನಿಲ್ಲಿಸಬೇಡಿ ತಾತಾ, ಅದಕ್ಕೆ ನೆನಪು ಗಟ್ಟಿ.”

ಈಗ ಮೂರೂ ಹತ್ತಕ್ಕೆ ಏಳುವವಳು ನಾನು.
ಒದೆ ಬರಲಿಲ್ಲವಲ್ಲ ಎಂದು ಎಚ್ಚರ.
ಕತ್ತಲಲ್ಲಿ ಅವನ ಕಾಲು ಹುಡುಕಿ ಮುಟ್ಟಿದರೆ
ಮೆದು, ಬೆಚ್ಚಗೆ,
ಬಟ್ಟೆ ಮುಚ್ಚಿ ಉಬ್ಬಲು ಬಿಟ್ಟ ಹಿಟ್ಟಿನ ಹಾಗೆ.

ಮೊನ್ನೆ ಹಾಗೆ ಕೈ ಚಾಚಿದಾಗಲೇ
ನನ್ನ ಬಲಗಾಲಿನೊಳಗೆ ಯಾರೋ ಹಗ್ಗ ಜಗ್ಗಿದರು.
ನಲವತ್ತು ವರ್ಷ ಇಸ್ತ್ರಿ ಮೇಜಿನ ಮುಂದೆ ನಿಂತ ಕಾಲು,
ಅದಕ್ಕೂ ಹೇಳುವುದಿತ್ತು, ಸರದಿ ಕಾಯುತ್ತಿತ್ತು.
ಎಫ್ರಾಯಿನ್ ಕಣ್ಣು ಬಿಡಲಿಲ್ಲ. ಎದ್ದು ಕೂತು
ನನ್ನ ಪಾದವನ್ನು ಮಂಡಿಯ ಕಡೆಗೆ ಮೆಲ್ಲಗೆ ಬಾಗಿಸಿ ಹಿಡಿದ,
ನಿದ್ದೆಗಣ್ಣಲ್ಲೇ ಶುರು ಮಾಡಿದ:
“ಒಂದು. ಎರಡು.
ಮೂರು, ಇಲ್ಲಿ ಜಾರುತ್ತೆ, ಹುಷಾರು.”